ನಿಟ್ಟುಸಿರಿಗೆ ಉತ್ತರ

ಶಾಲೆಯ ವ್ಯಾನು ಮನೆ ಮುಂದೆ ನಿಂತಿತು. ಮಗು ಇಳಿಯಲಿಲ್ಲ.

“ಸ್ಕೂಲ್ ಗೇಟಿನ ಹತ್ತಿರ ಇರಲೇ ಇಲ್ಲಮ್ಮ. ಮನೆಯವರು ಕರ್ಕೊಂಡು ಹೋಗಿರ್ತಾರೆ ಅಂದ್ಕೊಂಡೆ,” ಎಂದ ಡ್ರೈವರ್. ಪೊಲೀಸರು ಅವನನ್ನೇ ಹಿಡಿದು ಕೂರಿಸಿದರು. ಬೆಳಗಾದರೂ ಅವನ ಬಾಯಲ್ಲಿ ಅದೇ ಮಾತು.

ಪುಟ್ಟ ಹುಡುಗಿ. ಉಬ್ಬಸದ ಕಾಯಿಲೆ. ಉಸಿರು ಕಟ್ಟಿದಾಗ ಎಳೆದುಕೊಳ್ಳುವ ಪಂಪು ಅಮ್ಮನ ಬ್ಯಾಗಿನಲ್ಲೇ ಉಳಿದಿತ್ತು.

*

ಮಗುವಿನ ದೊಡ್ಡಮ್ಮನಿಗೆ ರೇಡಿಯೋ ಕೇಂದ್ರದಲ್ಲಿ ಕೆಲಸ. ಬೆಳಗಿನ ನೇರಪ್ರಸಾರಕ್ಕೆ ಮಗುವಿನ ತಾಯಿಯಾದ ತಂಗಿಯನ್ನೂ ಅವಳ ನಾದಿನಿಯನ್ನೂ ಕರೆತಂದು ಕೂರಿಸಿದಳು. ಯಾರಾದರೂ ಮಗುವನ್ನು ಕಂಡಿದ್ದರೆ ಫೋನ್ ಮಾಡಲಿ ಎಂಬ ಆಸೆ. ತಾನು ಗಾಜಿನ ಈಚೆ ಯಂತ್ರಗಳ ಮುಂದೆ ಕೂತಳು.

ಕಾರ್ಯಕ್ರಮ ನಡೆಸುವವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ನೊಂದವರನ್ನು ಅವರು ನೇರವಾಗಿ ಏನೂ ಕೇಳುವವರಲ್ಲ. ಒಂದು ಮಾತು ಬಿಟ್ಟು ಸುಮ್ಮನಾಗುವರು.

“ಪಂಪೂ ಇಲ್ಲ. ರಾತ್ರಿ ಹೇಗೆ ಕಳೀತೋ ಮಗು,” ಅಂದರು.

ತಂಗಿ ಬಿಕ್ಕಿದಳು. ಕಾರ್ಯಕ್ರಮಕ್ಕೆ ಫೋನ್ ಮಾಡಿದ್ದ ಅಜ್ಜಿಯೊಬ್ಬರು “ಅಯ್ಯೋ ಕಂದಾ” ಅಂದರು.

“ಬೆಚ್ಚಗಿದ್ರೆ ಅಷ್ಟು ಬರೋದಿಲ್ಲ,” ಅಂದಳು ನಾದಿನಿ. “ಬಿಸಿನೀರು ಕುಡಿದ್ರೆ ಇಳಿಯುತ್ತೆ.”

ದೊಡ್ಡಮ್ಮನ ಕಿವಿ ನೆಟ್ಟಗಾಯಿತು. ಬರೀ ಸಮಾಧಾನದ ಮಾತಿರಬಹುದು. ಇಲ್ಲದಿದ್ದರೆ? ಮೇಷ್ಟ್ರ ಹೆಡ್‌ಫೋನಿನಲ್ಲಿ ಮಾತ್ರ ಕೇಳುವ ಗುಂಡಿ ಒತ್ತಿದಳು.

“ಇನ್ನೊಂದು ಅಂಥದ್ದೇ ಬಿಡಿ, ಮೇಷ್ಟ್ರೇ. ಯಾರ ಮುಖಾನೂ ನೋಡ್ಬೇಡಿ.”

“ಈ ಹೊತ್ತಿಗೆ ಹೊಟ್ಟೆಗೆ ಏನಾದ್ರೂ ಬಿತ್ತೋ ಇಲ್ವೋ…” ಅಂದರು ಮೇಷ್ಟ್ರು.

ತಂಗಿ ಕರ್ಚೀಫು ಬಾಯಿಗೊತ್ತಿಕೊಂಡಳು.

“ಎರಡೇ ತುತ್ತು—” ನಾದಿನಿ ನಾಲಿಗೆ ಕಚ್ಚಿಕೊಂಡಳು.

*

ಹಾಡು ಹಾಕಿ ದೊಡ್ಡಮ್ಮ ಒಳಗೆ ನುಗ್ಗಿ ನಾದಿನಿಯ ಮುಂದೆ ನಿಂತಳು.

“ಎಲ್ಲಿಟ್ಟಿದ್ದೀಯ?”

“ಯಾರನ್ನ?”

“ನೇರವಾಗಿ ಕೇಳಿದ್ರೆ ಜಾರ್ಕೊಳ್ಳೋಕೆ ಬರುತ್ತೆ ನಿಂಗೆ. ಪೊಲೀಸರ ಹತ್ರಾನೂ ಅದನ್ನೇ ಮಾಡಿದ್ದೀಯ. ಮೇಷ್ಟ್ರು ಅಂದಿದ್ದು ನಮಗೆಲ್ಲ ನಿಟ್ಟುಸಿರು. ಗೊತ್ತಿಲ್ಲದವರು ಅದಕ್ಕೆ ಅಳ್ತಾರೆ, ಅಷ್ಟೇ. ಪ್ರಶ್ನೆ ಅಂತ ಕೇಳಿಸಿದ್ದು ನಿನಗೊಬ್ಬಳಿಗೇ. ಉತ್ತರ ನಿನ್ನ ಹತ್ರ ಇತ್ತು. ಗೇಟಿನಲ್ಲಿ ಯಾರೂ ಕಿರುಚಾಟ ಕೇಳಲಿಲ್ಲವಂತೆ. ಅತ್ತೆ ಕರೆದ್ರೆ ಅವಳು ಯಾಕೆ ಕಿರುಚ್ತಾಳೆ?”

ನಾದಿನಿ ತಂಗಿಯ ಕಡೆ ತಿರುಗಿದಳು. “ಮಗೂನ ಕರ್ಕೊಂಡು ಊರು ಬಿಡ್ತೀರಂತೆ, ಅತ್ತಿಗೆ. ಅಣ್ಣ ಹೋದ್ಮೇಲೆ ಅವಳನ್ನ ಎತ್ತಿ ಆಡಿಸಿದ್ದು ನಾನು. ನನ್ನನ್ನ ಒಂದು ಮಾತು ಕೇಳಿದ್ರಾ?”

ಬೀಗದಕೈ ಮೇಜಿನ ಮೇಲಿಟ್ಟಳು. “ನನ್ನ ಹೊಲಿಗೆ ಅಂಗಡಿ. ಮಹಡಿ ಕೋಣೆ. ಬೇಗ ಹೋಗಿ. ನಾನು ಹೊರಡುವಾಗ ಉಸಿರು ಎಳೀತಿತ್ತು.”

*

ಬಟ್ಟೆ ತುಂಡುಗಳ ರಾಶಿಯ ಮೇಲೆ ಮಗು. ತುಟಿ ನೀಲಿಗಟ್ಟಿತ್ತು. ತಂಗಿ ಪಂಪು ಒತ್ತಿದಳು. ಮತ್ತೆ ಒತ್ತಿದಳು. ಸಿಳ್ಳೆಯಂಥ ಉಸಿರು ನಿಧಾನವಾಗಿ ಸಡಿಲವಾಯಿತು.

ಮಗು ಕಣ್ಣು ಬಿಟ್ಟು ಬಾಗಿಲ ಕಡೆ ನೋಡಿತು. “ಅತ್ತೆ ಈಗ ಬರ್ತೀನಿ ಅಂದಿದ್ರು. ಎಲ್ಲಿ?”

ಅಕ್ಕ ತಂಗಿ ಇಬ್ಬರಿಗೂ ಉತ್ತರ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ.