ಅರ್ಧ ಬರೆದ ಅಕ್ಷರ

"ಬಿದ್ದವರನ್ನ ಎತ್ತಿದ್ದೇ ತಪ್ಪಾಯ್ತಮ್ಮ," ಎಂದಳು ಬೋರ್ಡು ಬರೆಯುವ ಪೇಂಟರನ ಹೆಂಡತಿ.

ನನ್ನ ಸೋದರತ್ತೆ ಕೋರ್ಟಿನಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದವಳು. ನಮ್ಮ ಬೀದಿಯ ಗೋಜಲುಗಳೆಲ್ಲ ಕೊನೆಗೆ ಅವಳ ಮುಂದೆಯೇ ಬಂದು ಕೂರುತ್ತಿದ್ದವು.

ಹನ್ನೊಂದು ದಿನದ ಹಿಂದೆ, ಮಟಮಟ ಮಧ್ಯಾಹ್ನ, ಔಷಧಿ ಅಂಗಡಿಯೆದುರು ಯಾವುದೋ ಸ್ಕೂಟರ್ ಗಡಿಯಾರ ರಿಪೇರಿಯ ಮುದುಕನಿಗೆ ಗುದ್ದಿ ಹೋಗಿತ್ತು. ಪೇಂಟರ್ ಅವನನ್ನು ಹೊತ್ತೊಯ್ದು ಆಸ್ಪತ್ರೆಗೆ ಸೇರಿಸಿ, ಕೇಳಿದಾಗ ತನ್ನ ಹೆಸರನ್ನೂ ಬರೆಸಿದ. ಮುದುಕ ಕಣ್ಣು ತೆರೆಯದೆ ಸತ್ತ. ಅವನ ಅಂಗಿಯ ಮೇಲೆ ಪೇಂಟರನ ಹಸಿರು ಕೈಗುರುತಿತ್ತು. ರಸ್ತೆಯಲ್ಲಿ ಗಾಜಿನ ಚೂರು ಸಿಕ್ಕಿತ್ತು, ಪೇಂಟರನ ಸ್ಕೂಟರಿನ ದೀಪವೂ ಒಡೆದಿತ್ತು. "ಗಲ್ಲಾದಲ್ಲೇ ಕೂತಿದ್ದೆ, ಇವನೇ ಗುದ್ದಿದ್ದು," ಎಂದು ಅಂಗಡಿಯವನು ಹೇಳಿಕೆ ಕೊಟ್ಟ. ಪೇಂಟರನನ್ನು ಒಳಗೆ ಹಾಕಿದರು.

"ಆ ದೀಪ ಒಡೆದು ವರ್ಷವಾಯ್ತು," ಎಂದಳು ಹೆಂಡತಿ. ಅತ್ತೆ ಹೋಗಿ ನೋಡಿದಳು. ದೀಪದೊಳಗೆ ಜೇಡ ಬಲೆ ಕಟ್ಟಿತ್ತು.

ಆಮೇಲೆ ಔಷಧಿ ಅಂಗಡಿಗೆ ಹೋದೆವು. ಹಿಂಬಾಗಿಲಿಲ್ಲದ ಇಕ್ಕಟ್ಟು ಕೋಣೆ. ಎದುರಿಗೆ ಅಂಗಡಿಯವನ ಹಳೇ ಸ್ಕೂಟರ್, ಅದಕ್ಕೆ ಹೊಚ್ಚ ಹೊಸ ದೀಪ. ಅತ್ತೆ ತಲೆನೋವಿನ ಮಾತ್ರೆ ಕೊಂಡು, ಮೇಲೆ ಸುತ್ತಿಕೊಂಡಿದ್ದ ಶಟರನ್ನೇ ನೋಡುತ್ತ ನಿಂತಳು.

ಮರುದಿನ ಅಲ್ಲಿಗೇ ಇನ್‌ಸ್ಪೆಕ್ಟರನ್ನೂ ಮುದುಕನ ಮಗಳನ್ನೂ ಕರೆಸಿ, ಅಂಗಡಿಯವನಿಗೆ ಶಟರ್ ಇಳಿಸಲು ಹೇಳಿದಳು. ಹಸಿರು ಅಕ್ಷರಗಳು, ಕೊನೆಯದು ಅರ್ಧಕ್ಕೇ ನಿಂತಿತ್ತು.

"ಇದು ಯಾವತ್ತು ಬರೆದದ್ದು?"

"ಅವತ್ತೇ. ಪೇಂಟರ್ ಮುಗಿಸದೆ ಹೋದ."

"ಮುದುಕ ಬಿದ್ದ ಸದ್ದಿಗೆ ಕುಂಚ ಬಿಟ್ಟು ಓಡಿದ. ಅದಕ್ಕೇ ಅಂಗಿ ಮೇಲೆ ಹಸಿ ಬಣ್ಣ. ಶಟರ್ ಇಳಿಸದೆ ಅದರ ಮೇಲೆ ಬರೆಯೋಕಾಗಲ್ಲ. ಹಸಿ ಇದ್ದಾಗ ಎತ್ತಿದ್ರೆ ಎಲ್ಲಾ ಕಲಸಿಹೋಗ್ತಿತ್ತು. ಇಲ್ಲಿ ಒಂದು ಗೀಟೂ ಕೆಟ್ಟಿಲ್ಲ. ಗಲ್ಲಾದಿಂದ ಹೇಗೆ ನೋಡಿದ್ರಿ ಸ್ವಾಮಿ, ತಗಡಿನ ಮೂಲಕವಾ?"

"ಊಟಕ್ಕೆ ಹೋಗಿದ್ದೆ... ಬರ್ತಾ ಕಂಡೆ."

"ಸ್ಕೂಟರಲ್ಲಿ ಬರ್ತಾ? ಆ ಹೊಸ ದೀಪ ಯಾವತ್ತು ಹಾಕಿಸಿದ್ರಿ? ಮೆಕ್ಯಾನಿಕ್‌ನ ಕರೆಸಲಾ?"

ಅಂಗಡಿಯವನು ಮೆಟ್ಟಿಲ ಮೇಲೆ ಕೂತ. "ಗುದ್ದಿದ್ಮೇಲೆ ನಿಂತಿದ್ರೆ ಜನ ನನ್ನನ್ನೇ ಹಿಡೀತಿದ್ರು," ಎಂದ.

"ಅಪ್ಪನ ಮಾತ್ರೆಯನ್ನೆಲ್ಲ ನಿಮ್ಮ ಹತ್ರವೇ ತಗೊಳ್ತಿದ್ದೆ," ಎಂದಳು ಮಗಳು.

ಪೇಂಟರನನ್ನು ಬಿಡುವಾಗ ಇನ್‌ಸ್ಪೆಕ್ಟರ್ ಸಮಾಧಾನ ಹೇಳಿದ: "ಸಹಾಯ ಮಾಡಿದವರಿಗೆ ಕಾನೂನಿನ ರಕ್ಷಣೆ ಇದೆಯಪ್ಪ. ಹೆಸರು ಹೇಳಲೇಬೇಕು ಅಂತಾನೂ ಇಲ್ಲ."

"ಹೆಸರು ಬರೆಸ್ಕೊಳ್ಳುವಾಗ ಯಾರೂ ಹೇಳಲಿಲ್ಲ ಸಾರ್."

ಮುಂದಿನ ವಾರ ಅವನು ಬೇರೊಂದು ಅಂಗಡಿಯ ಮುಂದೆ ಏಣಿಯ ಮೇಲಿದ್ದ. ಕೆಳಗೆ ಸೈಕಲ್ಲಿನವನೊಬ್ಬ ಜಾರಿ ಬಿದ್ದು ತಲೆ ಒಡೆದುಕೊಂಡ. ನಾನು ಓಡಿದೆ. ಒಬ್ಬನಿಗೇ ಎತ್ತಲಾಗಲಿಲ್ಲ.

"ಇಳಿದು ಬಾರಯ್ಯ, ಸ್ವಲ್ಪ ಹಿಡಿ."

ಅವನು ತಿರುಗಲಿಲ್ಲ.

"ಕೈಗೆಲ್ಲ ಬಣ್ಣ ಆಗಿದೆ ಸಾರ್," ಎಂದ.