ಕಂಬ ನೋಡಲು ಬಂದವನು

ಶಿವನಂಜಪ್ಪ ಮೈಸೂರಿನಿಂದ ಗದಗಿಗೆ ಬಂದದ್ದು ಗುಡಿಯ ಕಂಬ ನೋಡಲು. ಎಲ್ಲರಿಗೂ ಹಾಗೆಂದೇ ಹೇಳಿದ್ದ. ಕನ್ನಡ ಎಂ.ಎ. ಓದುವ ಹುಡುಗ, ಹಳೆಯ ಕವಿ ಒರಗಿ ಕೂತು ಬರೆದನೆನ್ನುವ ಕಂಬ ನೋಡಬೇಕೆಂದರೆ ಯಾರೂ ಸಂಶಯಪಡುವುದಿಲ್ಲ.

ನಿಜವಾದ ಕಾರಣ ನೀಲಗಂಗಾ. ಹೋದ ವರ್ಷ ಧಾರವಾಡದಲ್ಲಿ ಏಕೀಕರಣದ ವಿದ್ಯಾರ್ಥಿ ಸಭೆ ನಡೆದಾಗ, ಇವನ ಭಾಷಣದ ನಡುವೆಯೇ ಎದ್ದು, "ನಿಮ್ಮ ಕನ್ನಡ ಕೇಳಾಕ ಭಾಳ ಛಲೋ ಐತ್ರಿ. ಏನ್ ಹೇಳಾಕತ್ತೀರಿ ಅನ್ನೂದಷ್ಟ ತಿಳೀವಲ್ದು" ಅಂದಿದ್ದಳು. ಸಭೆಯೆಲ್ಲ ನಕ್ಕಿತ್ತು. ಅವನೂ ನಕ್ಕಿದ್ದ. ಆ ನಗು ವರ್ಷವಾದರೂ ಇಳಿದಿರಲಿಲ್ಲ.

ಅವಳ ತಂದೆ ಚನ್ನಬಸವಣ್ಣ ಮಾಸ್ತರರು ಅವನನ್ನು ಮನೆಯಲ್ಲೇ ಇಳಿಸಿಕೊಂಡಿದ್ದರು. ಬೆಳಿಗ್ಗೆ ಚಹಾ ಕೊಡುತ್ತ ಅವರೇ ಹೇಳಿದರು: "ಸಂಜಿಗೆ ನಮ್ಮ ನೀಲಾನ ನಿಶ್ಚಯ ಐತ್ರಿ. ಅಕಿ ಸ್ವಾದರಮಾವನ ಕೂಡ. ಶಿಗ್ಲಿ ಮುದಕಪ್ಪ ಅಂತ. ನೀವೂ ಉಂಡ ಹೋಗ್ರಿ."

"ಸಂಜೆಗೇ ನನ್ನ ರೈಲು ಸರ್" ಅಂದ ಶಿವನಂಜಪ್ಪ. ಚಹಾ ನಾಲಿಗೆ ಸುಟ್ಟಿತು.

ನಿಶ್ಚಯದ ಸೀರೆ ಬೆಟಗೇರಿಯ ನೇಕಾರ ಹನಮವ್ವನ ಮನೆಯಲ್ಲಿತ್ತು. ಅದನ್ನು ತರಲು ನೀಲಾಳ ಸೋದರತ್ತೆ ಗದಿಗೆವ್ವ ಹೊರಟಳು. ಜೊತೆಗೆ ನೀಲಾ. ದಾರಿಯಲ್ಲೇ ಗುಡಿ ಇದ್ದುದರಿಂದ ಮೈಸೂರಿನವನೂ ಟಾಂಗಾ ಹತ್ತಿದ.

ಕಂಬ ಎಲ್ಲ ಕಂಬಗಳ ಹಾಗೇ ಇತ್ತು. ಮುಟ್ಟಿದವರ ಕೈಯಿಂದ ನುಣುಪಾಗಿತ್ತು, ಬುಡದಲ್ಲಿ ಎಣ್ಣೆ ಕರೆಗಟ್ಟಿತ್ತು.

"ಇಷ್ಟೇನಾ?"

"ಮತ್ತೇನ್ರಿ, ಎದ್ದು ನಮಸ್ಕಾರ ಮಾಡ್ತೈತಿ ಅಂತ ಮಾಡಿದ್ರೇನು?" ನೀಲಾ ಸೆರಗಿನ ತುದಿ ತುಟಿಗೊತ್ತಿ ನಗು ಹಿಡಿದಳು. "ನೀವು ನೋಡವಲ್ರಿ."

"ನೋಡ್ತಾನೇ ಇದೀನಲ್ಲ."

"ಕಂಬ ನಿಮ್ಮ ಎಡಕ್ಕೈತ್ರಿ."

ಅವನು ಎಡಕ್ಕೆ ತಿರುಗಿದ. ಗದಿಗೆವ್ವ ಒಳಗೆ ಕೈಮುಗಿಯುತ್ತ ನಿಂತಿದ್ದಳು. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ.

"ಮುದಕಪ್ಪನವರು ಹೇಗೆ?"

"ಛಲೋ ಮನಷ್ಯಾ. ಸಣ್ಣಾಕಿದ್ದಾಗ ಶಿಗ್ಲಿಯಿಂದ ಪೆಪ್ಪರಮಿಂಟ ತರ್ತಿದ್ದ. ಈಗೂ ತರ್ತಾನ. ನಾ ಬೆಳದೀನಿ ಅಂತ ಅವಗ ಯಾರೂ ಹೇಳಿಲ್ಲ."

"ನಿಮಗೆ ಒಪ್ಪಿಗೆನಾ?"

ಅವಳ ನಗು ನಿಂತಿತು. "ನನ್ನ ಇದನ್ನ ಕೇಳಿದವರು ನೀವ ಮೊದಲನೆಯವರು." ಹೇಳಿ, ಕಾದಳು. ಮುಂದಿನ ಮಾತು ಅವನದು ಎಂಬಂತೆ ನೇರವಾಗಿ ಕಣ್ಣಲ್ಲಿ ಕಣ್ಣಿಟ್ಟು ನಿಂತಳು.

ಶಿವನಂಜಪ್ಪ ಮತ್ತೆ ಕಂಬದತ್ತ ತಿರುಗಿದ. "ಈ ಕೆತ್ತನೆ ಬಹಳ ಹಳೇದಿರಬೇಕು" ಅಂದ.

ಬೆಟಗೇರಿಯವರೆಗೆ ಅವಳು ದಾರಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

ಹನಮವ್ವನ ಮನೆಯಲ್ಲಿ ಮಗ್ಗ ನಿಂತಿತ್ತು. ಅವಳ ಬಸುರಿ ಮಗಳಿಗೆ ಅಂದು ಕುಬಸ, ಸೀಮಂತ. ಓಣಿಯ ಹೆಂಗಸರೆಲ್ಲ ಹಸಿರು ಬಳೆ ತೊಟ್ಟು ಸೇರಿದ್ದರು. ಬಾಗಿಲಿಗೆ ಇಬ್ಬರು ಕೈ ಅಡ್ಡ ಹಿಡಿದು, ಬಂದ ಬಂದ ಮುತ್ತೈದೆಯನ್ನು ತಡೆದು ಗಂಡನ ಹೆಸರು ಕೇಳುತ್ತಿದ್ದರು. ಗದಿಗೆವ್ವ ಎರಡು ಸಾಲಿನ ಒಂದು ಒಡಪು ಕಟ್ಟಿ, ಅದರಲ್ಲಿ ಗಂಡನ ಹೆಸರು ಸೇರಿಸಿ, ಒಂದೇ ಉಸುರಿಗೆ ಹೇಳಿ ಒಳಗೆ ನುಗ್ಗಿದಳು. ಹಿಂದೆ ನೀಲಾ, ಅವಳ ಹಿಂದೆ ಶಿವನಂಜಪ್ಪ.

"ಏ, ಹೊಸಾ ಜೋಡಿ ಬಂತ್ರವಾ!" ಎಂದು ಕೈಗಳು ಮತ್ತೆ ಅಡ್ಡ ಬಂದವು. "ಗಂಡನ್ನ ಬೆನ್ನಿಗೆ ಹಚ್ಕೊಂಡ ಬಂದೀಯಲ್ಲ. ಹೆಸರ ಹೇಳು, ಒಳಗ ಬಾ."

ನನಗಿನ್ನೂ ಲಗ್ನವಾಗಿಲ್ಲ ಎಂದರೆ ಮುಗಿಯುತ್ತಿತ್ತು. ಗದಿಗೆವ್ವ ಒಳಗಿನಿಂದ ಅದನ್ನೇ ಹೇಳಲು ಬಾಯಿ ತೆರೆದಿದ್ದಳು. ನೀಲಾ ಹೊಸ್ತಿಲಿಗೆ ಕೈಯೂರಿ, ತಲೆ ಎತ್ತಿ ಹೇಳಿದಳು:

"ಕಂಬ ನೋಡಾಕ ಬಂದೀನಂತಾರ, ಕಣ್ಣು ಬ್ಯಾರೆ ಕಡೆ,
ಶಿವನಂಜಪ್ಪನವರು ಹೋದಲ್ಲೇ ಇನ್ನ ನನ್ನ ನಡೆ."

ಹೆಂಗಸರು ಕೇಕೆ ಹಾಕಿದರು. ಶಿವನಂಜಪ್ಪನ ಮುಖ ಅರಳಿತು. ಅವನು ಜೇಬಿನಿಂದ ಪೆನ್ಸಿಲ್ ತೆಗೆದ. "ತುಂಬ ಚೆನ್ನಾಗಿದೆ ಕಣ್ರೀ! ಜಾನಪದ ಅಂದ್ರೆ ಇದು. ಇನ್ನೊಂದ್ಸಲ ಹೇಳ್ತೀರಾ? ಬರ್ಕೋತೀನಿ."

ನೀಲಾ ಅವನನ್ನೊಮ್ಮೆ ನೋಡಿದಳು. ಗುಡಿಯಲ್ಲಿ ನೋಡಿದ್ದ ನೋಟ ಅದಾಗಿರಲಿಲ್ಲ. ಸೀರೆಯನ್ನೂ ತೆಗೆದುಕೊಳ್ಳದೆ ಹೊರಗೆ ಬಂದು, ಟಾಂಗಾದ ಆಚೆ ಬದಿ, ಬಿಸಿಲಲ್ಲಿ ಬೆನ್ನು ಹಾಕಿ ನಿಂತಳು.

ಗದಿಗೆವ್ವ ಅವನನ್ನು ಗೋಡೆಯ ಮಗ್ಗುಲಿಗೆ ಎಳೆದಳು. ಬಹುವಚನ ಎಲ್ಲೋ ಬಿದ್ದುಹೋಗಿತ್ತು.

"ಪೆನ್ಸಿಲ್ ಒಳಗಿಡೋ. ಎಷ್ಟ ಓದೀದಿ ನೀ?"

"ಯಾಕಮ್ಮ? ಆಟಕ್ಕೆ ಹೇಳಿದ್ರು ಅಲ್ವಾ?"

"ಆಟಂತ, ಆಟ! ಹೆಂಗಸು ಗಂಡನ ಹೆಸರ ಬಾಯಿಲೆ ಅನ್ನಾಂಗಿಲ್ಲ. ಇಂಥಾ ಹೊಸ್ತಲದಾಗ ಒಡಪಿನಾಗ ಅಷ್ಟ ಅನ್ನೂದು. ಅಕಿ ಮಾವನ ಹೆಸರ ಬಿಟ್ಟು ನಿಂದು ಹೇಳ್ಯಾಳ, ಹತ್ತ ಮಂದಿ ಮುಂದ. ನಾವು ಮನಿ ಮುಟ್ಟೂದ್ರಾಗ ಖಬರ ಮುಟ್ಟಿರ್ತೈತಿ. ನೀ ರೈಲ ಹತ್ತಿ ಹೋಗ್ತಿ. ಅಕಿನ್ನ ಯಾರ ಕೇಳ್ತಾರ? ಮುದಕಪ್ಪನೂ ಒಲ್ಲೆ ಅಂತಾನ, ಊರೂ ಒಲ್ಲೆ ಅಂತೈತಿ."

ಅವನು ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡ. ಮೈಸೂರಿನಲ್ಲಿ ಅಪ್ಪನಿದ್ದರು, ಅವರು ಮಾತು ಕೊಟ್ಟಿದ್ದ ಒಂದು ಸಂಬಂಧವಿತ್ತು. ಗದಗು ಅವರ ಮಟ್ಟಿಗೆ ಮುಂಬಯಿ ರಾಜ್ಯ, ಪರದೇಶ. ಎಲ್ಲ ಕನ್ನಡಿಗರೂ ಒಂದೇ ಎಂದು ಇವನು ನಾಲ್ಕು ಊರಲ್ಲಿ ಭಾಷಣ ಮಾಡಿದ್ದ. ಅವಳು ಒಂದು ಹೊಸ್ತಿಲಲ್ಲಿ ಮಾಡಿದ್ದನ್ನು ಮಾಡುವ ಎದೆ ತನಗೆ ಬೆಳಗಿನಿಂದ ಬರಲಿಲ್ಲ ಎಂಬುದು ಅವನಿಗೆ ಸ್ಪಷ್ಟವಾಯಿತು.

"ಸಾಹೇಬರನ್ನ ಟೇಶನ್ನಿಗೆ ಬಿಡ್ಲೇನ್ರಿ?" ಟಾಂಗಾದ ರಹಮಾನಸಾಬ ಕೇಳಿದ.

"ಬೇಡ. ಮನೆಗೆ ಹೋಗೋಣ."

ನೀಲಾ ತಿರುಗಲಿಲ್ಲ. "ಕರುಣಾ ಮಾಡಾಕ ಬರಬ್ಯಾಡ್ರಿ" ಅಂದಳು.

"ಕರುಣೆ ಅಲ್ಲ. ಹೋದ ವರ್ಷದಿಂದ ಹೇಳಕ್ಕಾಗ್ದೆ ಒದ್ದಾಡ್ತಿದೀನಿ. ನಾನು ಹೇಡಿ. ಅದು ನಿಮಗೆ ಈಗ ಗೊತ್ತಾಗಿದೆ. ಆದ್ರೂ ಬರ್ತೀನಿ."

ಅವಳು ಮೊದಲು ಹತ್ತಿದಳು. ಟಾಂಗಾದಲ್ಲಿ ಕೂತು ಸ್ವಲ್ಪ ಸರಿದು ಜಾಗ ಬಿಟ್ಟಳು.

ಸುದ್ದಿ ಅವರಿಗಿಂತ ಮೊದಲೇ ತಲುಪಿತ್ತು. ಪಡಸಾಲೆಯಲ್ಲಿ ಮಾಸ್ತರರು ಗೋಡೆಗೆ ಮುಖ ಮಾಡಿ ಕೂತಿದ್ದರು. ಶಿಗ್ಲಿಯಿಂದ ಬಂದ ಮುದಕಪ್ಪ ಜಮಖಾನೆಯ ಮೇಲಿದ್ದ. ಮೂವತ್ತು ದಾಟಿದ, ಬಿಸಿಲುಂಡ ಮುಖದ, ದೊಡ್ಡ ಕೈಗಳ ಗಂಡಸು. ಟೊಪ್ಪಿಗೆ ಮೊಣಕಾಲ ಮೇಲಿತ್ತು.

ಶಿವನಂಜಪ್ಪ ಹೊಸ್ತಿಲು ದಾಟಿ ನಿಂತ. "ಮಾಸ್ತರೇ, ಅವರು ಹೇಳಿದ್ದು ನಿಜ. ನನ್ನ ಮನಸ್ಸೂ ಅದೇ. ನಿನ್ನೆಯೇ ನಿಮಗೆ ಹೇಳಬೇಕಿತ್ತು."

"ಉಂಡ ಮನಿಗೆ..." ಎಂದರು ಮಾಸ್ತರರು, ಗೋಡೆಯ ಕಡೆಗೇ.

ಮುದಕಪ್ಪ ಅವನತ್ತ ನೋಡಲಿಲ್ಲ. ಬಾಗಿಲಲ್ಲಿ ನಿಂತ ನೀಲಾಳನ್ನೇ ನೋಡಿದ.

"ಆ ನೇಕಾರ ಹೆಂಗಸರು ಆಟಕ್ಕ ಅನಸ್ಯಾರ, ಹೌದಲ್ಲವಾ? ಹಂಗಿದ್ರ ಬಿಟ್ಟಬಿಡೂಣು. ಎಲ್ಲಾರ ಮುಂದ ಒಮ್ಮೆ ಹೇಳಿಬಿಡು. ಇವರು ಯಾರು? ಹೆಸರೇನು?"

ಆ ಹೆಸರನ್ನು ಒಡಪಿಲ್ಲದೆ, ಪರರ ಹೆಸರಿನಂತೆ ಅಂದುಬಿಟ್ಟರೆ ಸಾಕಿತ್ತು. ಮುದಕಪ್ಪ ಬಾಗಿಲು ತೆರೆದೇ ಇಟ್ಟಿದ್ದ.

ನೀಲಾ ತಲೆ ತಗ್ಗಿಸಿದಳು. ತುಟಿ ಬಿಗಿಯಿತು. ಒಳಗೆ ಯಾರೋ ಬಳೆ ಸರಿಸಿದ ಸದ್ದಾಯಿತು. ಅವಳು ಹೇಳಲಿಲ್ಲ.

ಮುದಕಪ್ಪ ಬಹಳ ಹೊತ್ತು ಕಾದ. ಆಮೇಲೆ ಟೊಪ್ಪಿಗೆ ಎತ್ತಿ ತಲೆಗಿಟ್ಟುಕೊಂಡು, ಮೊದಲ ಸಲ ಶಿವನಂಜಪ್ಪನ ಕಡೆ ತಿರುಗಿದ.

"ನಿಮ್ಮ ಹೆಸರ ನೀವ ಹೇಳ್ರಿ" ಅಂದ. "ಅಕಿ ಇನ್ನ ಹೇಳಾಂಗಿಲ್ಲ."