ಹೆಚ್ಚಾಗಿದ್ದ ಒಂದು ಸ್ಕ್ರೂ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ರಿಪೇರಿ ಅಂಗಡಿಯವನ ದೂರು ಓದಿ ದಫೇದಾರ ಮೀಸೆಯಲ್ಲೇ ನಕ್ಕ. ಬೀಗ ಒಡೆದಿಲ್ಲ, ಗಲ್ಲಾ ಮುಟ್ಟಿಲ್ಲ. ರಿಪೇರಿಗೆ ಬಂದು ಕಪಾಟಿನಲ್ಲಿ ಕೂತ ಯಂತ್ರಗಳ ಹೊಟ್ಟೆಯೊಳಗಿನ ಬಿಡಿಭಾಗಗಳು ಮಾತ್ರ ಮಾಯ: ಎಂಟು ಕಾಲಿನ ಎಲೆಕ್ಟ್ರಾನಿಕ್ ಚಿಪ್ಪು, ಅದು ಕೂರುವ ಸಾಕೆಟ್, ಕೆಲವು ರೆಸಿಸ್ಟರ್, ಒಂದು ಡಯೋಡ್, ಹಳೇ ಪ್ರಿಂಟರಿನ ಪ್ಲಗ್ಗು. ಎಲ್ಲ ಕೂಡಿಸಿದರೂ ಒಂದು ಹೊತ್ತಿನ ಊಟದ ಬೆಲೆ ಬಾಳುವುದಿಲ್ಲ.

"ಇಷ್ಟಕ್ಕೆಲ್ಲ ಎಫ್‌ಐಆರ್ ಬೇಕೇನಪ್ಪ?"

"ಸಾಮಾನಿಗಲ್ಲ ಸಾರ್, ಮರ್ಯಾದೆಗೆ."

ಶನಿವಾರ ಗಿರಾಕಿಯೊಬ್ಬಳ ಎದುರಿಗೇ ಅವಳ ಯಂತ್ರ ಬಿಚ್ಚಿದಾಗ ಚಿಪ್ಪಿನ ಜಾಗ ಖಾಲಿಯಿತ್ತಂತೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಗತಿಯೇನು ಎಂದು ಅವಳು ಬೀದಿಗೆಲ್ಲ ಕೇಳುವಂತೆ ಕೂಗಾಡಿದಳಂತೆ. ಸಂಜೆಯೊಳಗೆ ಉಳಿದವರೂ ಬಂದು ತಮ್ಮ ಸಾಮಾನು ಕೇಳತೊಡಗಿದ್ದರು. ಹೀಗೇ ಆದರೆ ಅಂಗಡಿ ಮುಚ್ಚುವುದೊಂದೇ ದಾರಿ. ಒಳಕೋಣೆಯಿಂದ ಇದನ್ನು ಕೇಳಿಸಿಕೊಂಡ ಇನ್ಸ್‌ಪೆಕ್ಟರ್ ಮೇಡಂ, ಬರೆದುಕೊಳ್ಳಿ ಎಂದರು. ದುಡಿದು ತಿನ್ನುವವನಿಗೆ ಕಳ್ಳನೆಂಬ ಹೆಸರು ಅಂಟಿದರೆ ಅದು ಕೆರೆದರೂ ಹೋಗದೆಂದು ಅವರು ಸರ್ವೀಸಿನಲ್ಲಿ ಸಾಕಷ್ಟು ಕಂಡಿದ್ದರು.

ಮಧ್ಯಾಹ್ನ ಪಂಚನಾಮೆ. ಪಂಚನಾಗಿ ಬಂದ ಪಕ್ಕದ ದರ್ಜಿ, ಕಳ್ಳ ಬಂದು ಹೋದಮೇಲೆ ಅಂಗಡಿ ಇನ್ನೂ ಚೊಕ್ಕಟವಾಗಿದೆಯಲ್ಲ ಎಂದು ನಗೆಯಾಡಿದ. ಮಾತು ಸುಳ್ಳಲ್ಲ. ಚಿಪ್ಪು ಕಿತ್ತ ಕಡೆ ಬೆಸುಗೆಯ ಸೀಸ ಒಂದು ಹನಿಯೂ ಉಳಿಯದಂತೆ ಒರೆಸಲಾಗಿತ್ತು. ಇದು ಪಳಗಿದ ಕೈ ಎಂದುಕೊಂಡರು ಇನ್ಸ್‌ಪೆಕ್ಟರ್.

ಅಂಗಡಿಯವನು ಒಂದು ವಿಡಿಯೋ ಆಟದ ಯಂತ್ರವನ್ನು ಬೋರಲು ಹಾಕಿ, "ಇದು ಬರುವಾಗ್ಲೇ ಒಂದು ಸ್ಕ್ರೂ ಇರ್ಲಿಲ್ಲ ಮೇಡಂ, ಇಲ್ಲಿ..." ಎಂದು ಬೆರಳಿಟ್ಟವನು ಅಲ್ಲೇ ನಿಂತ. ಆ ತೂತಿನಲ್ಲಿ ಸ್ಕ್ರೂ ಇತ್ತು. ಉಳಿದವು ಕಪ್ಪು, ಇದು ಬಿಳಿ. ಅವನು ಬಿಸಿ ತಾಗಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಅಲ್ಲಿಂದಾಚೆ ಕೇಳಿದ್ದಕ್ಕೆಲ್ಲ ಹ್ಞೂಂ, ಉಹ್ಞೂಂ, ಅಷ್ಟೇ.

ಸಂಜೆ ಅವನೇ ಠಾಣೆಗೆ ಬಂದು, ತಾನೇ ಎಲ್ಲೋ ಇಟ್ಟು ಮರೆತಿರಬೇಕು, ದೂರು ವಾಪಸು ಬೇಕು ಎಂದ. ಇನ್ಸ್‌ಪೆಕ್ಟರ್ ಅವನನ್ನು ಕೂರಿಸಿ ಚಹಾ ತರಿಸಿದರು.

"ಬೆಳಿಗ್ಗೆ ಮರ್ಯಾದೆ ಅಂದ್ರಿ. ಸಂಜೆಗೆ ಅದು ಬೇಡವಾಯ್ತಾ?"

ಅವನು ಲೋಟ ಮುಟ್ಟಲಿಲ್ಲ.

"ಕದಿಯೋಕೆ ಬಂದೋನು ಸ್ಕ್ರೂ ಕೊಟ್ಟು ಹೋಗ್ತಾನೇನ್ರಿ? ಖಾಲಿ ತೂತು ನೋಡಿ ಸುಮ್ನಿರೋಕಾಗದ ಕೈ ಅದು. ನಿಮಗೆ ಕೆಲಸ ಕಲಿಸಿದ್ದು ಯಾರು?"

"ಮೇಷ್ಟ್ರು," ಎಂದ ಅವನು. "ಸ್ಕ್ರೂ ಹಾಕದೆ ಬಿಟ್ರೆ ಬೆರಳಿನ ಗೆಣ್ಣಿಗೆ ಹೊಡೀತಿದ್ರು."

ಅಂಗಡಿ ಮೊದಲು ಅವರದೇ. ಹೆಂಡತಿ ಹಾಸಿಗೆ ಹಿಡಿದಾಗ ಶಿಷ್ಯನ ಕೈಗೆ ಕೀಲಿ ಕೊಟ್ಟು ಮನೆ ಸೇರಿದ್ದರು. ಬೀಗ ಈಗಲೂ ಅದೇ, ಅದರ ಇನ್ನೊಂದು ಕೀಲಿ ಅವರಲ್ಲೇ ಉಳಿದಿತ್ತು.

ಕಳುವಾದ ಸಾಮಾನು ಯಾತಕ್ಕೆಂದು ಹೇಳಿದವಳು ಠಾಣೆಯ ಹುಡುಗಿ ಕಾನ್‌ಸ್ಟೇಬಲ್. ಅವಳ ತಮ್ಮನೂ ಹಿಂದೆ ಇಂಥದೇ ಸಾಮಾನು ಕೂಡಿಸಿ ಅಪ್ಪನ ಕೈಯಲ್ಲಿ ಏಟು ತಿಂದಿದ್ದನಂತೆ. ಆಟದ ಯಂತ್ರ ನಕಲು ಡಿಸ್ಕನ್ನು ಒಲ್ಲೆನ್ನುತ್ತದೆ. ಈ ಚಿಪ್ಪು ಒಳಗೆ ಕೂತು ಅದನ್ನೇ ಅಸಲು ಎಂದು ನಂಬಿಸುತ್ತದೆ. ಮಿಕ್ಕ ಸಾಮಾನೆಲ್ಲ, ಕಂಪ್ಯೂಟರಿನಿಂದ ಆ ಚಿಪ್ಪಿಗೆ ಪ್ರೋಗ್ರಾಮ್ ತುಂಬುವ ಉಪಕರಣಕ್ಕೆ.

"ಈ ವಯಸ್ಸಲ್ಲಿ ಆಟದ ಹುಚ್ಚಾ?" ಎಂದ ದಫೇದಾರ.

ಮಂಗಳವಾರ ಬೆಳಿಗ್ಗೆ ಹೋದಾಗ ಮೇಷ್ಟ್ರ ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ರಟ್ಟಿನ ತುಂಡಿಗೆ ಕೂರಿಸಿದ ಉಪಕರಣ, ಬಾಚಿದ ಕೂದಲಿನಂತೆ ನೇರವಾದ ತಂತಿಗಳು. ಪಕ್ಕದ ಮಂಚದಲ್ಲಿ ಹೆಂಡತಿ. ಲಕ್ವ ಹೊಡೆದು ಬಲಗೈ ಬಿದ್ದಿತ್ತು. ವೈದ್ಯರು ಎಷ್ಟು ಹೇಳಿದರೂ ಅಲ್ಲಾಡಿಸದ ಹೆಬ್ಬೆರಳನ್ನು ಆಕೆ ದೋಣಿ ನಡೆಸುವ ಒಂದು ಹಳೇ ಆಟಕ್ಕೆ ಮಾತ್ರ ಆಡಿಸುತ್ತಿದ್ದಳು. ಆ ಡಿಸ್ಕು ಬಿರುಕುಬಿಟ್ಟಿತು. ಹೊಸದು ಎಲ್ಲೂ ಸಿಗದು. ಯಾರೋ ಕೊಟ್ಟ ನಕಲನ್ನು ಯಂತ್ರ ಓದದು. ಬೆರಳು ಮತ್ತೆ ಸೆಟೆಯತೊಡಗಿತ್ತು.

ಮೇಷ್ಟ್ರು ಏನನ್ನೂ ಮುಚ್ಚಿಡಲಿಲ್ಲ. ಧೂಳು ಕೂತ ಯಂತ್ರಗಳಿಗೆ ವಾರಸುದಾರರಿಲ್ಲ ಎಂದುಕೊಂಡಿದ್ದರಂತೆ. ಸಾಮಾನು ಜಪ್ತಿಯಾಗಿ ಸೀಲಾಯಿತು. ಬಂಧನದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವಾಗ, ಜಾಮೀನಿಗೆ ತಾನು ಅಡ್ಡ ಬರುವುದಿಲ್ಲವೆಂದು ಇನ್ಸ್‌ಪೆಕ್ಟರ್ ಹೇಳಿದರು. ಆಮೇಲೆ ತಡೆಯಲಾರದೆ ಕೇಳಿದರು.

"ಶಿಷ್ಯನನ್ನ ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ಅಂಗಡಿ ಕೊಟ್ಟಾಗ ಅವನು ನನ್ನ ಕೇಳಿರ್ಲಿಲ್ಲಮ್ಮ. ಅವನಿಗೆ ಬೇಕು ಅಂತ ನಾನೇ ನೋಡಿ ಕೊಟ್ಟೆ." ಮೇಷ್ಟ್ರು ಪೆನ್ನು ಕೆಳಗಿಟ್ಟರು. "ಇವಳ ಕೈ ವಿಷಯ, ಡಿಸ್ಕಿನ ವಿಷಯ, ಅವನ ಮುಂದೆ ಎರಡು ಸಲ ಹೇಳಿದೆ. 'ಪಾಪ' ಅಂದ. ಅಂದ್ಬಿಟ್ಟು ತನ್ನ ಬೆಸುಗೆ ಮುಂದುವರಿಸ್ದ."

ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಅಂಗಡಿಯವನಿಗೆ ಅದು ಕೇಳಿಸಿತು. ಇನ್ಸ್‌ಪೆಕ್ಟರ್ ಹೇಳಿಕೆಯಲ್ಲಿ, ಕಾರಣ: ಪತ್ನಿಯ ಅನಾರೋಗ್ಯ ಎಂದಷ್ಟೇ ಬರೆದರು. ಮಿಕ್ಕಿದ್ದು ಯಾವ ಕಲಮಿಗೂ ಸೇರುವಂಥದ್ದಲ್ಲ.

ಮೇಷ್ಟ್ರನ್ನು ಹೊರಗೆ ಕರೆತರುವಾಗ ಅಂಗಡಿಯವನು ಅವರ ಮುಖ ನೋಡದೆ ಒಳಗೆ ಹೋಗಿ ಮಂಚದ ಪಕ್ಕ ಕೂತ. ಆ ಹೆಬ್ಬೆರಳನ್ನು ಕೈಗೆ ತೆಗೆದುಕೊಂಡು, ಹೇಗೆಂದು ತಿಳಿಯದೆ ಹಾಗೇ ಹಿಡಿದುಕೊಂಡಿದ್ದ.

"ಒಳಮುಖವಾಗಿ ಮಡಚು," ಎಂದರು ಮೇಷ್ಟ್ರು, ದಫೇದಾರನ ಕೈಗೆ ತೋಳು ಕೊಟ್ಟುಕೊಂಡೇ. "ನಿಧಾನ. ಅವಸರ ಮಾಡಿದ್ರೆ ನೋಯುತ್ತೆ ಅವಳಿಗೆ."